ಸೊಂಟದಷ್ಟೇ ನೀರು ಅಂದಿದ್ದೆ

"ನೀರು ಎಷ್ಟೈತ್ರಿ ಸಾರ್? ಕುರಿ ತೊಳೀಬೇಕಾಗೈತಿ" ಅಂತ ಹನುಮಂತಪ್ಪ ದಡದಿಂದ ಕೇಳಿದಾಗ ನಾನು ಸ್ಕ್ರೀನ್ ನೋಡಿ, ಆ ಕಡೆ ಎಲ್ಲ ಸೊಂಟದಷ್ಟೇ ಇದೆ, ಧೈರ್ಯವಾಗಿ ಇಳಿಯಿರಿ ಅಂದುಬಿಟ್ಟೆ.

ಹೋದ ವಾರದ ಮಾತು. ಗುಮ್ಮಘಟ್ಟದ ಹತ್ತಿರದ ಒಂದು ಕೆರೆ. ದೋಣಿಯಲ್ಲಿ ಕೂತು, ನೀರಿನೊಳಗೆ ಶಬ್ದ ಬಿಟ್ಟು, ತಳ ಎಷ್ಟು ಆಳದಲ್ಲಿದೆ ಅಂತ ಅಳೆಯುವುದು ನನ್ನ ಕೆಲಸ. ಹೂಳು ಎಷ್ಟು ತುಂಬಿದೆ ಅಂತ ರಿಪೋರ್ಟ್ ಕೊಡಬೇಕು.

ಕೆರೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ದೋಣಿ ಓಡಿಸುತ್ತೇವೆ. ಎರಡು ಗೆರೆಗಳ ನಡುವಿನ ಜಾಗ ನಾವು ಅಳೆಯುವುದೇ ಇಲ್ಲ... ಸಾಫ್ಟ್‌ವೇರ್ ಅಲ್ಲಿನ ಆಳ ಅಂದಾಜು ಮಾಡಿ ಸ್ಕ್ರೀನಿನ ನಕ್ಷೆಯಲ್ಲಿ ಬಣ್ಣ ತುಂಬುತ್ತದೆ.

ನಾನು ಹನುಮಂತಪ್ಪನವರಿಗೆ ಹೇಳಿದ್ದು ಆ ಬಣ್ಣ ನೋಡಿ.

ಉಣ್ಣೆ ಕತ್ತರಿಸುವವರು ಮರುದಿನ ಬರುವವರಿದ್ದರು, ಅದಕ್ಕೇ ತೊಳೆಯುವ ಅವಸರ. ಹೆಂಡತಿ ಲಕ್ಷ್ಮಕ್ಕ ದಡದಿಂದ ಒಂದೊಂದೇ ಕುರಿ ನೂಕುವುದು, ಇವರು ನೀರಲ್ಲಿ ನಿಂತು ಹಿಡಿದು ಉಜ್ಜುವುದು. ನೀರು ಬಗ್ಗಡ ಆದಂತೆಲ್ಲ ಹಿಂದಕ್ಕೆ ಒಂದೊಂದು ಹೆಜ್ಜೆ.

ಇತ್ತ ನಾವು ಗೆರೆಗಳನ್ನೆಲ್ಲ ಮುಗಿಸಿ, ಚೆಕ್ ಮಾಡಲು ಅಡ್ಡಡ್ಡ ಒಂದು ಸುತ್ತು ಹೊರಟೆವು. ದೋಣಿ ನಡೆಸುವ ರುದ್ರಪ್ಪ ಏನೋ ತಮಾಷೆ ಹೇಳುತ್ತಿದ್ದ. ಸ್ಕ್ರೀನಿನಲ್ಲಿ ಒಂದು ಮೀಟರ್. ಒಂದು. ಒಂದೂಕಾಲು.

ಆಮೇಲೆ... ಐದೂವರೆ.

ಮಿಷನ್ ಕೆಟ್ಟಿರಬೇಕು ಅಂದುಕೊಂಡೆ. ಕೆಟ್ಟಿರಲಿ ದೇವರೇ ಅಂತ ಬೇಡಿಕೊಂಡೆ. ಕೆಟ್ಟಿರಲಿಲ್ಲ. ಕೆರೆ ಒಣಗಿದ್ದ ವರ್ಷ ಯಾರೋ ಮಣ್ಣು ತೆಗೆದ ಗುಂಡಿ ಅದು, ಎರಡು ಗೆರೆಗಳ ನಡುವೆ.

ತಲೆಯೆತ್ತಿದರೆ ಹನುಮಂತಪ್ಪ ಅದರ ಅಂಚಿನಲ್ಲೇ ಇದ್ದಾರೆ. ನಮಗೆ ಬೆನ್ನು ಹಾಕಿ, ಒಂದು ಕುರಿ ಹಿಡಿದುಕೊಂಡು.

ಕೂಗಿದೆ. ಮೋಟಾರ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ರುದ್ರಪ್ಪ ಮೋಟಾರ್ ಆಫ್ ಮಾಡುವಷ್ಟರಲ್ಲಿ ಅವರು ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟಾಗಿತ್ತು.

ನೀರಿನ ಮೇಲೆ ಕುರಿಯ ತಲೆ ಮಾತ್ರ ಕಾಣುತ್ತಿದೆ.

ನಾನೇ ಕೊಂದೆ, ನಾನೇ ಕೊಂದೆ ಅನ್ನುವುದೊಂದೇ ತಲೆಯಲ್ಲಿ. ಕುರಿ ದಡದ ಕಡೆ ಈಜುತ್ತಿದೆ... ಅದರ ಬೆನ್ನ ಮೇಲೆ ಒಂದು ಕೈ, ಉಣ್ಣೆಯನ್ನು ಗಟ್ಟಿಯಾಗಿ ಹಿಡಿದಿದೆ! ರುದ್ರಪ್ಪ ಹುಟ್ಟು ಚಾಚಿ ಅವರನ್ನು ಎಳೆದುಕೊಂಡ.

ದಡದಲ್ಲಿ ಕೂತು ನೀರು ಕಾರಿಕೊಂಡರು. ಲಕ್ಷ್ಮಕ್ಕ ಅಳುತ್ತಲೇ ಗಂಡನನ್ನು ಬೈಯುತ್ತಿದ್ದರು. "ಸಾರು ಎಲ್ಲಿ ಹೇಳ್ಯಾರೋ ಅಲ್ಲೇ ನಿಂದ್ರಬೇಕಿಲ್ಲೇನು? ನಿನಗ ಯಾವಾಗ ಬುದ್ಧಿ ಬರ್ತೈತಿ?"

ಹನುಮಂತಪ್ಪ ನಾನು ಹೇಳಿದಲ್ಲೇ ನಿಂತಿದ್ದರು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ಹನುಮಂತಪ್ಪ ನನ್ನ ಕಡೆ ತಿರುಗಿದರು. "ಇನ್ನೂ ಮೂವತ್ತು ಕುರಿ ಅದಾವ್ರಿ. ಯಾವ ಕಡೆ ಇಳೀಲಿ, ನೀವಾ ನೋಡಿ ಹೇಳ್ರಿ."

ಇಳಿಯಬೇಡಿ, ನನಗೆ ಗೊತ್ತಿಲ್ಲ ಅಂದೆ. ಅವರು ನಕ್ಕುಬಿಟ್ಟರು. "ಮಿಷನ್ನು ಕೈಯಾಗ ಇಟ್ಕೊಂಡು ಗೊತ್ತಿಲ್ಲ ಅಂತೀರಲ್ರಿ!"

ನಾಳೆ ಮತ್ತೆ ಅದೇ ಕೆರೆಗೆ ಹೋಗಬೇಕು. ಲಕ್ಷ್ಮಕ್ಕನಿಗೆ ನಿಜ ಹೇಳಲಾ... ಇಲ್ಲಾ ಜೀವನಪೂರ್ತಿ ಗಂಡನನ್ನೇ ಬೈಯುತ್ತಿರಲಿ ಅಂತ ಬಿಟ್ಟುಬಿಡಲಾ?