ಧರ್ಮದ ಗಡಿಗೆ

ನಮ್ಮ ಮನೆಯಲ್ಲಿ ದೀಪಾವಳಿಯ ಖರ್ಚಿನ ಲೆಕ್ಕ ನನ್ನದು, ಆ ಲೆಕ್ಕದ ಮೇಲಿನ ಗೊಣಗಾಟ ನನ್ನ ಅತ್ತೆಯದು. ಮದುವೆಯಾಗಿ ಹಾಲಹರವಿಯಿಂದ ಆದೋನಿಗೆ ಬಂದಾಗಿನಿಂದ ಇದು ಹೀಗೇ ನಡೆದು ಬಂದಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ನಮ್ಮಿಬ್ಬರದು. ಶೇಂಗಾ ಎಣ್ಣೆ ಒಂದು ಡಬ್ಬಿ ಸಾಕು ಎಂದರೆ ಹಬ್ಬವೋ ಉಪವಾಸವೋ ಎನ್ನುತ್ತಾರೆ. ಎರಡು ತರಿಸಿದರೆ ಮನೆ ತೊಳೆದು ಹೋಯಿತು ಎನ್ನುತ್ತಾರೆ. ನನಗೂ ಬಾಯಿ ಇದೆ, ಸುಮ್ಮನಿರುವವಳಲ್ಲ. ಬೆಲ್ಲದ ಪೆಂಟೆಯ ಮುಂದೆ ನಿಂತು ನಾವಿಬ್ಬರೂ ಜಗಳಾಡುವುದನ್ನು ಕೇಳಿದರೆ ನಮ್ಮ ಓಣಿಯವರಿಗೆ ಹಬ್ಬ ಹತ್ತಿರ ಬಂತೆಂದು ಗೊತ್ತಾಗುತ್ತದೆ.

ನಮ್ಮದು ಹತ್ತಿಯ ಕಮಿಷನ್ ಅಂಗಡಿ. ದೊಡ್ಡದೇನಲ್ಲ. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಕೂರುತ್ತಾರೆ, ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಜಿಎಸ್‌ಟಿ, ಬಿಲ್ಲು ಎಲ್ಲ ನೋಡಿಕೊಳ್ಳುತ್ತೇನೆ. ಆದರೆ ಒಂದು ಹಣ ಮಾತ್ರ ಕಂಪ್ಯೂಟರಿಗೆ ಹತ್ತುವುದಿಲ್ಲ. ಪ್ರತಿ ವ್ಯಾಪಾರದಲ್ಲೂ ಒಂದು ಚೂರನ್ನು ಧರ್ಮಕ್ಕೆಂದು ತೆಗೆದಿಡುವುದು ಇಲ್ಲಿಯ ಹತ್ತಿ ವ್ಯಾಪಾರಸ್ಥರ ಹಳೆಯ ರೂಢಿ. ನಮ್ಮಲ್ಲಿ ಅದು ದೇವರ ಮನೆಯ ಮೂಲೆಯಲ್ಲಿರುವ ಮಣ್ಣಿನ ಗಡಿಗೆಗೆ ಬೀಳುತ್ತದೆ. ಅದು ನಮ್ಮ ಹಣವಲ್ಲ ಎಂಬುದು ಅತ್ತೆಯ ಮೊದಲನೆಯ ಪಾಠ. ಮನೆಯಲ್ಲಿ ಮದುವೆಯಿರಲಿ, ಆಸ್ಪತ್ರೆಯಿರಲಿ, ಅದಕ್ಕೆ ಕೈ ಹಾಕುವ ಹಾಗಿಲ್ಲ. ಹೊಸದರಲ್ಲಿ ಹಾಲಿನವನಿಗೆ ಕೊಡಲು ಚಿಲ್ಲರೆಯಿಲ್ಲವೆಂದು ಅದರಿಂದ ತೆಗೆಯಹೋಗಿದ್ದೆ. ವಾರವಿಡೀ ಬೈಸಿಕೊಂಡೆ.

ಆ ಗಡಿಗೆ ಕಾರ್ತಿಕದಲ್ಲಿ ಮಠಕ್ಕೆ ಹೋಗುತ್ತದೆ. ಒಂದು ಸೋಮವಾರದ ದಾಸೋಹ ನಮ್ಮದು. ಅಂದು ಅತ್ತೆ ಎಮ್ಮಿಗನೂರಿನ ಕೈಮಗ್ಗದ ಸೀರೆ ಉಟ್ಟು ಮುಂದಿನ ಕಂಬಕ್ಕೆ ಒರಗಿ ಕೂರುತ್ತಾರೆ. ಇಂದಿನ ಊಟ ಇಂಥವರ ಮನೆಯದು ಎಂದು ಸ್ವಾಮಿಗಳು ಹೇಳಿದಾಗ ಕೇಳಿಸದವರ ಹಾಗೆ ನೆಲ ನೋಡುತ್ತಾರೆ. ಅವರು ಖುಷಿಯಾಗಿರುವುದನ್ನು ನೋಡಬೇಕೆಂದರೆ ಅಂದು ನೋಡಬೇಕು.

ಈಗ ಕೋಸಗಿಯಾಕೆಯ ಮಾತು. ದಿನಾ ಬೆಳಗಿನ ರೈಲಿಗೆ ಕೋಸಗಿಯಿಂದ ಬಂದು ನಮ್ಮ ಓಣಿಯ ಮೂರ್ನಾಲ್ಕು ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಮಾತು ಕಡಿಮೆ, ರೊಟ್ಟಿ ತೆಳು. ದೀಪಾವಳಿ ಮುಗಿದ ಮೇಲೆ ಆಕೆಯ ಊರಿನ ಅರ್ಧ ಜನ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಯುಗಾದಿಗೇ ತಿರುಗಿ ಬರುವುದು. ಕೂಲಿಯವರನ್ನು ಕೂಡಿಸುವ ಮೇಸ್ತ್ರಿ ಶ್ರಾವಣದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಮುಂಗಡ ತಿಂದವರು ಅವನು ತರುವ ಗಾಡಿ ಹತ್ತಲೇಬೇಕು. ಆಕೆಯ ಗಂಡ ಮನೆಗೆ ತಗಡು ಹಾಕಿಸಲೆಂದು ಮೂರು ತಲೆಯ ಮುಂಗಡ ತಂದಿದ್ದ: ತನ್ನದು, ಹೆಂಡತಿಯದು, ಮಗಳದು.

ಆ ಮಗಳು ಈ ವರ್ಷ ಹತ್ತನೇ ತರಗತಿ. ಗುಂಟೂರಿಗೆ ಹೋದರೆ ಪರೀಕ್ಷೆ ಮುಗಿದ ಮೇಲೆ ಬರುವುದು. ಗಂಡ ಒಬ್ಬನೇ ಹೋಗಲಿ, ನಮ್ಮಿಬ್ಬರ ಮುಂಗಡವನ್ನು ಗಾಡಿ ಹೊರಡುವ ಮೊದಲು ತಿರುಗಿಸಿಬಿಡುತ್ತೇನೆ ಎಂದು ಆಕೆ ಮೇಸ್ತ್ರಿಗೆ ಹೇಳಿ ಬಂದಿದ್ದಳು. ಬ್ಯಾಂಕಿಗೆ ಹಾಕಿದರೆ ಸಂಘದ ಸಾಲದ ಕಂತು ತಾನಾಗಿ ಕಡಿದುಹೋಗುತ್ತದೆ, ಮನೆಯಲ್ಲಿಟ್ಟರೆ ಕರಗುತ್ತದೆ. ಅದಕ್ಕೇ ರೊಟ್ಟಿಯ ಸಂಬಳವನ್ನು ಅತ್ತೆಯ ಕೈಯಲ್ಲೇ ಬಿಡುತ್ತ ಬಂದಳು. ಅತ್ತೆ ಅದನ್ನು ಒಂದು ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರೆಜರಿಯಲ್ಲಿ, ಅಂದರೆ ನಮ್ಮ ಕಬ್ಬಿಣದ ಬೀರುವಿನಲ್ಲಿ, ಇಟ್ಟಿದ್ದರು. ನನ್ನ ಬಂಗಾರದ ಮೇಲೂ ಅಷ್ಟು ಕಾವಲು ಇರಲಿಲ್ಲ.

ಅಮಾವಾಸ್ಯೆಯ ದಿನ ಆಕೆ ರೊಟ್ಟಿಗೆ ಬಂದಿರಲಿಲ್ಲ, ಹಬ್ಬದ ರಜೆ. ಗಾಡಿ ಹೊರಡುವುದು ಇನ್ನೂ ವಾರದ ಮಾತು ಎಂದೇ ಎಲ್ಲರೂ ತಿಳಿದಿದ್ದೆವು. ಸಂಜೆ ಅಂಗಡಿಯ ಪೂಜೆ ಮುಗಿಸಿ ಬಂದು ಮನೆಯಲ್ಲಿ ಲಕ್ಷ್ಮಿಯನ್ನು ಕೂರಿಸಿದೆವು. ಮನೆಯಲ್ಲಿದ್ದ ಹಣ, ಬಂಗಾರವೆಲ್ಲ ಆಕೆಯ ಮುಂದೆ ಬರಬೇಕು. ಕೋಸಗಿಯಾಕೆಯ ಗಂಟನ್ನೂ ಅತ್ತೆ ತಂದು ತಟ್ಟೆಯಲ್ಲಿಟ್ಟರು. ಪಾಪ, ಆಕೆಯ ಲಕ್ಷ್ಮಿಗೂ ಒಂದು ಹೂ ಬೀಳಲಿ ಎಂದರು. ಧರ್ಮದ ಗಡಿಗೆ ಮಾತ್ರ ತನ್ನ ಮೂಲೆಯಲ್ಲೇ ಉಳಿಯಿತು. ನಮ್ಮದಲ್ಲದ್ದನ್ನು ನಮ್ಮದೆಂದು ದೇವರಿಗೆ ತೋರಿಸಬಾರದಂತೆ.

ದೀಪ ಹಚ್ಚಿ ಆರತಿ ಮಾಡಿ ಇನ್ನೇನು ಹೋಳಿಗೆಗೆ ಕೂರಬೇಕು, ಬಾಗಿಲಲ್ಲಿ ಆಕೆ ನಿಂತಿದ್ದಳು. ಬಸ್ ಸ್ಟ್ಯಾಂಡಿನಿಂದ ಓಡಿಕೊಂಡೇ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಮಧ್ಯಾಹ್ನ ಮೇಸ್ತ್ರಿ ಫೋನು ಮಾಡಿದ್ದನಂತೆ. ಕಾಯಿ ಬೇಗ ಕೆಂಪಾಗಿವೆ, ಗಾಡಿ ನಾಳೆ ಪಾಡ್ಯದ ನಸುಕಿಗೇ ಹೊರಡುತ್ತದೆ. ಮುಂಗಡ ತಿರುಗಿಸುವವರು ಇವತ್ತೇ ತಿರುಗಿಸಬೇಕು, ಇಲ್ಲವಾದರೆ ತಾಯಿ ಮಗಳಿಬ್ಬರೂ ಗಾಡಿಯಲ್ಲಿರಬೇಕು.

"ಅವ್ವಾರ, ನನ್ನ ರೊಕ್ಕ ಕೊಡ್ರಿ," ಎಂದಳು. "ಎಂಟರ ಬಸ್ಸಿಗೆ ಹೋಗಿ ಅವನ ಕೈಯಾಗ ಇಡಬೇಕು."

ಅತ್ತೆಯ ಮುಖ ಸಣ್ಣಗಾಯಿತು. ದೀಪ ಹಚ್ಚಿದ ಮೇಲೆ ಲಕ್ಷ್ಮಿ ಹೊಸ್ತಿಲು ದಾಟುವ ಹಾಗಿಲ್ಲ. ಉಪ್ಪು, ಮೊಸರು ಕೂಡ ಅಂದು ಪಕ್ಕದ ಮನೆಗೆ ಕೊಡುವುದಿಲ್ಲ. ಅದರಲ್ಲೂ ಪೂಜೆಗೆ ಕೂತ ಹಣವನ್ನು ಮರುದಿನ ಬೆಳಿಗ್ಗೆ ದೇವರನ್ನು ಕದಲಿಸುವ ತನಕ ಮುಟ್ಟುವುದೇ ಇಲ್ಲ. ಪೂಜೆಗೆ ಇಡದಿದ್ದರೆ ಏನಾದರೂ ದಾರಿಯಿರುತ್ತಿತ್ತೋ ಏನೋ. ಪ್ರೀತಿಯಿಂದ ಇಟ್ಟ ಒಂದು ಹೂವೇ ಕೆಡಿಸಿತು.

"ನಿನ್ನ ಗಂಟು ದೇವರ ಮುಂದ ಕುಂತೈತಿ. ನಾ ಹೆಂಗ ಮುಟ್ಟಲವ್ವ," ಎಂದರು ಅತ್ತೆ.

ನನಗೆ ಪಿತ್ತ ನೆತ್ತಿಗೇರಿತು. ಆಕೆ ದುಡಿದ ಹಣ, ಆಕೆಯ ಮಗಳ ವರ್ಷ, ನಡುವೆ ನಮ್ಮ ದೀಪದ್ದೇನು ಎಂದು ಜೋರಾಗಿಯೇ ಕೇಳಿದೆ. ಫೋನಿನಲ್ಲೇ ಮೇಸ್ತ್ರಿಗೆ ಹಣ ಹಾಕಿಬಿಡುತ್ತೇನೆ, ನೋಟು ಹೊಸ್ತಿಲು ದಾಟುವುದಿಲ್ಲವಲ್ಲ ಎಂದು ಉಪಾಯವನ್ನೂ ಹೇಳಿದೆ. ಅತ್ತೆ ಓದದಿದ್ದರೂ ದಡ್ಡರಲ್ಲ. ಅಂಗಡಿಗೆ ಹಣ ಬಂದಾಗ ಆ ಫೋನು ಟಿಣ್ ಎನ್ನುತ್ತದಲ್ಲ, ಬರುವಾಗ ಅದು ಲಕ್ಷ್ಮಿಯಾದರೆ ಹೋಗುವಾಗ ಏನು ಎಂದರು. ಓಣಿಯಲ್ಲಿ ಕೈಗಡ ಕೇಳೋಣವೆಂದರೆ ಎಲ್ಲ ಮನೆಗಳಲ್ಲೂ ದೀಪ ಹತ್ತಿದ್ದವು. ಎದುರು ಮನೆಯ ದರ್ಜಿ ಸಾಹೇಬರು ಇದ್ದಿದ್ದರೆ ಇಲ್ಲವೆನ್ನುತ್ತಿರಲಿಲ್ಲ, ಅವರು ಸಂಸಾರ ಸಮೇತ ಕಲಬುರಗಿಯ ದರ್ಗಾಕ್ಕೆ ಹೋಗಿದ್ದರು. ಮನೆಯೊಳಗೆ ತರದೆ ಹೊರಗಿಂದ ಹೊರಗೇ ಕೊಟ್ಟುಬಿಡೋಣವೆಂದು ನನ್ನ ಗಂಡ ಸ್ಕೂಟರ್ ತೆಗೆದುಕೊಂಡು ಎಟಿಎಂಗೆ ಓಡಿದರು. ಒಂದರಲ್ಲಿ ಹಣವಿಲ್ಲ, ಇನ್ನೊಂದರ ಶಟರ್ ಎಳೆದಿದೆ ಎಂದು ಫೋನು ಮಾಡಿದರು.

ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಮಾವ ಒಂದು ವರ್ಷ ದೀಪ ಹಚ್ಚಿದ ಮೇಲೆ ಸ್ನೇಹಿತರಿಗೆ ಹಣ ಕೊಟ್ಟಿದ್ದರಂತೆ. ಆ ಸುಗ್ಗಿಯಲ್ಲಿ ನಮ್ಮ ಹತ್ತಿಯ ಗೋದಾಮಿಗೆ ಬೆಂಕಿ ಬಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಹಿಂದೆ ವಾದ ಮಾಡಿದ್ದುಂಟು. ಹತ್ತಿ ಉರಿಯುವುದನ್ನು ಕಣ್ಣಾರೆ ಕಂಡವರಿಗೆ ವಾದ ಹಿಡಿಸುವುದಿಲ್ಲ.

ಕೋಸಗಿಯಾಕೆ ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು ತಟ್ಟೆಯಲ್ಲಿದ್ದ ತನ್ನ ಗಂಟನ್ನು ನೋಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣ ಮುಂದೆ ಕಂಡೆ. ನನಗೇ ಅಳು ಬಂತು. ಆಕೆಯ ಮಗಳು ರಜೆಯಲ್ಲಿ ತಾಯಿಯ ಜೊತೆ ಬಂದಾಗ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದ ಹುಡುಗಿ. ಬಿಡಿಸಿ ಮುಗಿಸಿ ನನ್ನ ಬಿಲ್ಲುಗಳಲ್ಲಿ ತಪ್ಪು ಹುಡುಕಲು ಬರುತ್ತಿದ್ದಳು, ತುಂಟಿ.

ಅತ್ತೆ ದೇವರ ಮನೆಗೆ ಹೋದರು. ಲಕ್ಷ್ಮಿಯ ಮುಂದಿನ ತಟ್ಟೆಯನ್ನು ದಾಟಿ ಮೂಲೆಗೆ ಹೋಗಿ ಧರ್ಮದ ಗಡಿಗೆಯನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಇಟ್ಟರು. ಇದು ನಮ್ಮದಲ್ಲ, ಇದು ದಾಟಬಹುದು ಎಂದರು. ಅದು ಹೋದರೆ ಮಠದ ಸೋಮವಾರವೂ ಹೋದಂತೆ ಎಂಬುದು ನೆನಪಾಗಿ ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಆದರೆ ಕೋಸಗಿಯಾಕೆ ಮುಂದೆ ಬರಲಿಲ್ಲ.

"ನನ್ನ ದುಡಿಮಿ ರೊಕ್ಕ ಕೇಳಾಕ ಬಂದೀನ್ರಿ," ಎಂದಳು. "ಧರ್ಮಕ್ಕ ಕೈ ಒಡ್ಡಾಕಲ್ಲ."

ಈಗ ನಿಂತಿತಪ್ಪ ಎಂದುಕೊಂಡೆ. ಒಬ್ಬರದು ಶಾಸ್ತ್ರ, ಇನ್ನೊಬ್ಬರದು ಮಾನ, ಎಂಟರ ಬಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ. ಅತ್ತೆ ಸಿಟ್ಟಾಗುತ್ತಾರೆಂದು ನಾನು ತಿಳಿದರೆ ಅವರು ನನ್ನ ಕಡೆ ತಿರುಗಿ ಮಣೆ ಹಾಕು, ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು ತಾ ಎಂದರು. ಹಬ್ಬದ ದಿನ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬದೆ ಕಳಿಸುತ್ತಾರೇನು, ಉಡಿಯ ಅಕ್ಕಿ ಕೊಬ್ಬರಿಗೆ ಆ ಕಟ್ಟಿಲ್ಲ ಎಂದು ನನ್ನನ್ನೇ ಗದರಿದರು. ಮಾವ ಹೋದ ಮೇಲೆ ಅವರು ಯಾರಿಗೂ ಉಡಿ ತುಂಬುವುದಿಲ್ಲ. ಆಕೆಯಿಂದ ದೂರ ನಿಂತು ನನ್ನ ಕೈಗೆ ಒಂದೊಂದೇ ಕೊಟ್ಟರು, ನಾನು ಆಕೆಯ ಸೆರಗಿನಲ್ಲಿ ಹಾಕಿದೆ. ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ, ಎಲೆ ಅಡಿಕೆ. ಕೊನೆಗೆ ಗಡಿಗೆಯನ್ನು ಬೋರಲು ಹಾಕಿ ಆಕೆ ಹೇಳಿದಷ್ಟು ಹಣ ಎಣಿಸಿ ಕೊಟ್ಟರು. ಮಿಕ್ಕ ಪುಡಿ ನೋಟು, ಚಿಲ್ಲರೆಯನ್ನೂ ಬಸ್ಸಿಗೆ ಇರಲಿ ಎಂದು ಹಾಕಿಸಿದರು.

"ಉಡಿಗೆ ಬಿದ್ದಿದ್ದನ್ನ ಯಾವ ಹೆಣ್ಮಗಳೂ ಒಲ್ಲೆ ಅನ್ನಂಗಿಲ್ಲ," ಎಂದರು ಅತ್ತೆ. "ಇದನ್ನ ನಿನ್ನ ಸಂಬಳದಾಗ ವಜಾ ಹಿಡಿಯಂಗಿಲ್ಲ. ನಿನ್ನ ಗಂಟು ನಾಳೆ ಬಂದು ಪೂರಾ ಒಯ್ಯಿ."

ಆಕೆ ಸೆರಗನ್ನು ಸೊಂಟಕ್ಕೆ ಬಿಗಿದಳು. ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಉಡಿ ಚೆಲ್ಲೀತು, ನಡಿ ನಡಿ ಎಂದು ಅತ್ತೆ ಅಟ್ಟಿದರು. ಅಷ್ಟರಲ್ಲಿ ತಿರುಗಿ ಬಂದಿದ್ದ ನನ್ನ ಗಂಡ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು. ಬಸ್ಸು ಸಿಕ್ಕಿತು.

ಆಮೇಲೆ ಹೋಳಿಗೆ ಬಡಿಸುವಾಗ ಮಠದ ಸೋಮವಾರ ಹೇಗೆ ಎಂದು ಮೆಲ್ಲಗೆ ಕೇಳಿದೆ. ನಮ್ಮ ಖರ್ಚಿನಲ್ಲಿ ಹಿಡಿದು ಏನಾದರೂ ಹೊಂದಿಸಬಹುದೆಂದು ನನ್ನ ತಲೆಯಲ್ಲಿ ಲೆಕ್ಕ ನಡೆದಿತ್ತು. ಈ ಸಲ ಬೇರೆಯವರು ಮಾಡುತ್ತಾರೆ, ನಾವು ಹೋಗಿ ಉಣ್ಣೋಣ, ಉಣ್ಣುವುದಕ್ಕೂ ಜನ ಬೇಕಲ್ಲ ಎಂದರು ಅತ್ತೆ. ತುಪ್ಪ ಕಡಿಮೆ ಹಾಕಿದ್ದೀ ಎಂದು ನನ್ನ ಮೇಲೆ ಬಂದರು. ಅವರಿಗೆ ಸಂಕಟವಾಗಿತ್ತು, ನನಗೆ ಗೊತ್ತಾಯಿತು. ಇನ್ನೆರಡು ಚಮಚ ಹಾಕಿದೆ. ಅಷ್ಟು ಪ್ರೀತಿ ಅತ್ತೆಯೆಂಬ ಆ ಹೆಂಗಸಿನ ಮೇಲೆ ನನಗೆ ಅದುವರೆಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ದೇವರನ್ನು ಕದಲಿಸಿ ಮುಗಿಸುವಷ್ಟರಲ್ಲಿ ಕೋಸಗಿಯಾಕೆ ಮಗಳನ್ನು ಕರೆದುಕೊಂಡು ಬಂದಳು. ಮುಂಗಡ ತಿರುಗಿಸಿದ್ದಾಗಿತ್ತು, ನಸುಕಿನಲ್ಲಿ ಗಂಡನ ಬುತ್ತಿ ಕಟ್ಟಿ ಗಾಡಿ ಹತ್ತಿಸಿ ನೇರ ರೈಲಿಗೆ ಬಂದಿದ್ದಳು. ಹುಡುಗಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ನಗುತ್ತ ನಿಂತಿತ್ತು. ಅತ್ತೆ ಗಂಟನ್ನು ಆಕೆಯ ಕೈಗಿಟ್ಟರು. ಆಕೆ ಅದನ್ನು ಅಲ್ಲೇ ಬಿಚ್ಚಿ ಒಂದು ಐನೂರರ ನೋಟು ತೆಗೆದು ಅತ್ತೆಯ ಮುಂದೆ ಹಿಡಿದಳು. ಉಡಿಯದ್ದನ್ನು ತಿರುಗಿ ತೆಗೆದುಕೊಳ್ಳುವುದಿಲ್ಲ ಎಂದು ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. ತಿರುಗಿ ಕೊಡುತ್ತಿಲ್ಲ, ನಿಮ್ಮ ಗಡಿಗೆಗೆ ನನ್ನದೊಂದು ಹಾಕುತ್ತಿದ್ದೇನೆ, ದುಡಿದವರೆಲ್ಲ ಹಾಕಬಹುದಲ್ಲ ಎಂದಳು ಆಕೆ.

ಅತ್ತೆ ಗಡಿಗೆ ತಂದರು. ನೋಟು ಬಿತ್ತು. ನಮ್ಮಲ್ಲಿ ಧರ್ಮಕ್ಕೆ ಹಾಕಿದವರನ್ನು ಒಂದು ಮಾತು ಕೇಳುವ ಪದ್ಧತಿಯಿದೆ, ಮಾವನನ್ನು ಕೇಳುತ್ತಿದ್ದರು, ನನ್ನ ಗಂಡನನ್ನು ಕೇಳುತ್ತಾರೆ, ಉತ್ತರ ಯಾವಾಗಲೂ ಮಠಕ್ಕೆ ಎಂದೇ. ನನ್ನನ್ನು ಇದುವರೆಗೂ ಕೇಳಿಲ್ಲ. ಆಕೆಯನ್ನು ಕೇಳಿದರು.

"ಯಾರಿಗೆ ಮುಟ್ಟಬೇಕವ್ವ ಇದು?"

ಆಕೆ ಮಗಳ ಕಡೆ ಒಮ್ಮೆ ನೋಡಿದಳು. ತಾವಿಬ್ಬರೂ ಬಿಟ್ಟ ಜಾಗಕ್ಕೆ ಮೇಸ್ತ್ರಿ ರಾತ್ರಿಯೇ ಬೇರೆ ಮನೆಗೆ ಮುಂಗಡ ಕೊಟ್ಟನಂತೆ. ಅಲ್ಲೂ ಒಬ್ಬ ತಾಯಿ, ಒಬ್ಬ ಮಗಳು.

"ಆ ಹುಡುಗೀನೂ ಇವಳ ಕ್ಲಾಸೇ ಐತ್ರಿ," ಎಂದಳು. "ಇವಳ ಪಕ್ಕಕ್ಕ ಕುಂದರತಿತ್ತು."

ಹುಡುಗಿಯ ನಗು ನಿಂತುಹೋಗಿತ್ತು. ಅತ್ತೆ ಗಡಿಗೆಯೊಳಗೆ ಬಗ್ಗಿ ನೋಡಿದರು. ಅದರಲ್ಲಿದ್ದದ್ದು ಅದೊಂದೇ ನೋಟು. ಹೋಗಿ ಟ್ರೆಜರಿಯ ಬೀಗ ತೆಗೆದರು, ಹಬ್ಬಕ್ಕೆಂದು ನಾನು ಲೆಕ್ಕ ಹಾಕಿ ಉಳಿಸಿದ್ದ ಹಣವನ್ನು ತಂದು ನನ್ನ ಮಡಿಲಲ್ಲಿ ಹಾಕಿದರು. ಇಬ್ಬರ ಮುಂಗಡದಷ್ಟು ಎಣಿಸು ಎಂದರು. ಜೀವನದಲ್ಲಿ ಮೊದಲ ಸಲ ನಾನು ಎದುರುತ್ತರ ಕೊಡದೆ ಎಣಿಸತೊಡಗಿದೆ. ಅಷ್ಟರಲ್ಲಿ ಅವರು ಕೋಸಗಿಯಾಕೆಯ ಫೋನಿನಿಂದಲೇ ಮೇಸ್ತ್ರಿಯನ್ನು ಹಿಡಿದು, ತೆಲುಗಿನಲ್ಲಿ, ನಮ್ಮ ಓಣಿಗೆಲ್ಲ ಕೇಳುವ ಹಾಗೆ, ಗಾಡಿ ಎಲ್ಲಿಯವರೆಗೆ ಹೋಗಿದೆ ಎಂದು ಕೇಳುತ್ತಿದ್ದರು.