ಹಿಂದಿನ ಗಾಜಿನ ದೀಪ್ತಿ

ಆಗಿನ್ನೂ ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ರಸ್ತೆ ಎರಡು ಬಸ್ಸು ದಾಟುವಷ್ಟೇ ಅಗಲ. ಬೆಳಗಾಗುತ್ತಲೇ ಅಪ್ಪನ ಹಳೇ ಓಮ್ನಿ ಬೇಕರಿಯ ಪಾವು ತುಂಬಿಕೊಂಡು ಆ ರಸ್ತೆಗಿಳಿಯುತ್ತಿತ್ತು. ಶಾಲೆಗೆ ರಜೆಯಿದ್ದಾಗ ನಾನೂ ಹೋಗುತ್ತಿದ್ದೆ. ಬಿಸಿ ಪಾವಿನ ಟ್ರೇಗಳ ನಡುವೆ, ಹಿಂದಿನ ಗಾಜಿಗೆ ಮೂಗೊತ್ತಿ ಕೂತರೆ ಆ ಪರಿಮಳ, ಹಿಂದಕ್ಕೆ ಓಡುವ ರಸ್ತೆ, ಗಾಡಿ ಓಡಿಸುವ ಅಪ್ಪ ಎಲ್ಲ ನನ್ನೊಬ್ಬಳದೇ ಅನಿಸುತ್ತಿತ್ತು.

ಒಂದು ದಿನ ಹಾರವಾಡದಲ್ಲಿ ರಿವರ್ಸ್ ತೆಗೆಯುವಾಗ ದಂಡೆಗೆ ಎಳೆದಿಟ್ಟಿದ್ದ ದೋಣಿಯ ಮೂತಿ ತಾಗಿ ಆ ಗಾಜು ಪುಡಿಯಾಯಿತು. ಅಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿದ. ಮಳೆಗೆ ಪಾವು ನೆನೆಯಿತು. ಅಂಗಡಿಯವರು ವಾಪಸು ಕಳಿಸಿದರು. ಹೀಗೇ ಆದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದ ಬೇಕರಿಯವ. ಆಯಿ ಅನ್ನ ಬಡಿಸುವಾಗ ಮಾತಾಡುವುದನ್ನೇ ಬಿಟ್ಟಳು.

ಕೊನೆಗೆ ಕಾರವಾರದ ಗುಜರಿಯೊಂದರಲ್ಲಿ ಅದೇ ಅಳತೆಯ ಗಾಜು ಸಿಕ್ಕಿತು. ಅದರ ಸುತ್ತ ರಬ್ಬರ್ ಕೂರಿಸಿ, ರಬ್ಬರಿನ ಸಂದಿಗೆ ಹಗ್ಗ ತುರುಕಿ, ಸೋಪಿನ ನೀರು ಸವರಿದರು. ಗ್ಯಾರೇಜಿನ ಮೇಸ್ತ್ರಿ ಒಳಗಿನಿಂದ ಹಗ್ಗ ಎಳೆಯುತ್ತ ಹೋದ ಹಾಗೆ ಅಪ್ಪ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತ ಬಂದ. ಗಾಜು ಕೂತಿತು. ಧೂಳು ಒರೆಸಿದಾಗ ಕೆಂಪು ರೇಡಿಯಂ ಅಕ್ಷರಗಳು ಹೊಳೆದವು: ‘ದೀಪ್ತಿ’. ಆಚೀಚೆ ಎರಡು ಹೂವು ಬೇರೆ.

ಅಂದಿನಿಂದ ನನಗೆ ಸುಖವಿಲ್ಲ. ಅಂಗಡಿಯವರೆಲ್ಲ ‘ದೀಪ್ತಿ ಬಂತು’ ಎನ್ನತೊಡಗಿದರು. ಶಾಲೆಯಲ್ಲಿ ದೀಪ್ತಿ ನಿನ್ನ ತಂಗಿಯಾ ಎಂದು ಕೇಳಿದರು. ಅವಳ ಮುಖವನ್ನೇ ನೋಡಿರದ ನನಗೆ ಅವಳನ್ನು ಹಿಡಿದು ಹೊಡೆಯಬೇಕು ಅನಿಸುತ್ತಿತ್ತು. ಅದನ್ನು ಕೆರೆದು ನನ್ನ ಹೆಸರು ಅಂಟಿಸು ಎಂದು ಅಪ್ಪನಿಗೆ ದುಂಬಾಲು ಬಿದ್ದೆ.

“ಯಾರೋ ಅಪ್ಪ ಮಗಳ ಹೆಸರು ಆಸೆಪಟ್ಟು ಹಚ್ಚಿದ್ದು, ಅದನ್ನು ಕೆರೀಲಿಕ್ಕೆ ನಂಗೆ ಕೈ ಬರೂದಿಲ್ಲ ನಾಗೀ” ಎಂದ ಅಪ್ಪ.

ಆ ಯಾರೋ ಅಪ್ಪನಿಗೆ ಹೊಳೆದದ್ದು ನನ್ನ ಅಪ್ಪನಿಗೆ ಯಾಕೆ ಹೊಳೆಯಲಿಲ್ಲ ಎಂದು ಪಾವಿನ ಟ್ರೇಗೆ ಮುಖ ಮಾಡಿ ಅತ್ತೆ.

ದೀಪಾವಳಿ ರಜೆಯಲ್ಲಿ ಒಮ್ಮೆ ತೋಡೂರಿನ ಅಂಗಡಿಯೆದುರು ಗಾಡಿ ನಿಂತಾಗ, ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಬಂದು ಗಾಜನ್ನೇ ನೋಡುತ್ತ ನಿಂತಳು. ಅವಳ ಹಿಂದೆಯೇ ಬಂದ ಅಜ್ಜಿ ಅಪ್ಪನ ಹತ್ತಿರ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಹುಡುಗಿಯ ಅಪ್ಪ ಬಾಡಿಗೆಗೆ ವ್ಯಾನು ಓಡಿಸುತ್ತಿದ್ದನಂತೆ. ಅವನು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ವ್ಯಾನು ಮನೆಯೆದುರೇ ತುಕ್ಕು ಹಿಡಿದು ಗುಜರಿಗೆ ಹೋಯಿತಂತೆ.

“ದಿನಾ ಇದೇ ಹೊತ್ತಿಗೆ ರಸ್ತೆಗೆ ಓಡಿ ಬರ್ತದೆ, ಅಪ್ಪನ ಗಾಡಿ ಹೋಗ್ತದೆ ಅಂತ ಹೇಳಿ” ಎಂದಳು ಅಜ್ಜಿ.

ಅಪ್ಪ ಹಿಂದಿನ ಬಾಗಿಲೆತ್ತಿ ನನ್ನನ್ನು ಮುಂದಕ್ಕೆ ಕಳಿಸಿ, ನನ್ನ ಜಾಗದಲ್ಲಿ ಅವಳನ್ನು ಕೂರಿಸಿಕೊಂಡು ತಿರುವಿನವರೆಗೆ ಒಂದು ಸುತ್ತು ಹಾಕಿಸಿದ. ಅವಳ ಕೈಗೆ ಬಿಸಿ ಪಾವು ಕೊಟ್ಟ. ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ, ಅದು ನನ್ನ ಜಾಗ ಎಂದು ಹಿಂದಿರುಗಿ ಅವಳನ್ನು ದುರುಗುಟ್ಟಿ ನೋಡಿದೆ. ಇಳಿದ ಮೇಲೆ ಅವಳು ಗಾಜನ್ನು ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತಿದ್ದ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಮೇಲೆ ಅಪ್ಪ ಅಲ್ಲಿ ದಿನವೂ ಗಾಡಿ ನಿಧಾನ ಮಾಡಿ ಹಾರ್ನ್ ಹೊಡೆಯುತ್ತಿದ್ದ. ನಾನು ಜೊತೆಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಈಗ ಅಪ್ಪ ಕಾರವಾರದಲ್ಲಿ ನನ್ನ ಮನೆಯಲ್ಲೇ ಇದ್ದಾನೆ. ರಸ್ತೆ ನಾಲ್ಕು ಪಥವಾಗಿದೆ; ಅದರ ಅಂಚಿನಲ್ಲಿ ಯಾರೂ ಯಾರಿಗಾಗಿಯೂ ನಿಲ್ಲುವುದಿಲ್ಲ. ಪೇಟೆಗೆ ಕರೆದುಕೊಂಡು ಹೋದರೆ ಅಪ್ಪನ ಗುರುತು ಹಿಡಿಯುವವರಿಲ್ಲ. ಚಿಕ್ಕಂದಿನಲ್ಲಿ ಬಯಸಿದ ಹಾಗೆ ಅಪ್ಪ ಕೊನೆಗೂ ಪೂರ್ತಿ ನನ್ನೊಬ್ಬಳಿಗೇ ಸಿಕ್ಕಿದ್ದಾನೆ. ಇಡೀ ದಿನ ನನ್ನೊಬ್ಬಳ ಜೊತೆಗೇ ಮಾತು. ಒಮ್ಮೊಮ್ಮೆ ಅವನು ಸುಮ್ಮನೆ ಬಾಗಿಲ ಕಡೆ ನೋಡುತ್ತ ಕೂತಾಗ, ಯಾರಾದರೂ ಬಂದು ಅವನನ್ನು ನನ್ನಿಂದ ಸ್ವಲ್ಪ ಹೊತ್ತು ಕಿತ್ತುಕೊಳ್ಳಬಾರದೇ ಅನಿಸುತ್ತದೆ.