ಹಾಲು, ಲೇ

ಆ ದಿನ ಬೆಳಿಗ್ಗೆ ನಮ್ಮ ಯಜಮಾನರ ಹಣೆಯ ಮೇಲೆ ವಿಭೂತಿ ಡೊಂಕಾಗಿತ್ತು.

ಮದುವೆಯಾದಾಗಿನಿಂದ ನೋಡಿದ್ದೇನೆ, ಸ್ನಾನ ಮುಗಿಸಿ ಮೂರು ಬೆರಳಲ್ಲಿ ಎಳೆದರೆಂದರೆ ಸ್ಕೇಲು ಇಟ್ಟು ಎಳೆದಂತಿರುತ್ತಿತ್ತು. ಆ ದಿನ ಮೂರೂ ಗೆರೆ ಹುಬ್ಬಿನ ಮೇಲೆ ಇಳಿದು ಬಂದಿದ್ದವು. "ಕನ್ನಡಿ ನೋಡ್ಕೊಂಡ್ರಾ?" ಎಂದು ನಕ್ಕೆ. ಅವರು ಏನೋ ಹೇಳಲು ಬಾಯಿ ತೆರೆದರು. ಬರಲಿಲ್ಲ. ತುಟಿ ಒಂದು ಕಡೆಗೆ ಜಾರಿತು.

ಕಾಫಿ ಲೋಟ ಕೈಯಿಂದ ಬಿತ್ತು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಬ್ಲಡ್ ಪ್ರೆಷರ್ ಎಷ್ಟು ದಿನದಿಂದ ಏರಿತ್ತೋ, ನಮಗೆ ಗೊತ್ತಿರಲಿಲ್ಲ. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. "ಕೈಕಾಲು ನಿಧಾನಕ್ಕೆ ಸ್ವಲ್ಪ ಬರಬಹುದಮ್ಮ. ಮಾತಿಂದು ಮಾತ್ರ ಹೇಳೋಕಾಗಲ್ಲ," ಎಂದರು ಡಾಕ್ಟರು. ಡಿಸ್ಚಾರ್ಜ್ ಮಾಡಿಸಿ ಜಯನಗರದ ಮನೆಗೆ ಕರೆತಂದೆ. ಮೈ ಒರೆಸುವುದು, ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ಮಗ್ಗುಲು ತಿರುಗಿಸುವುದು. ದಿನ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತಿತ್ತೋ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಯಜಮಾನರು ಹೆಂಡತಿಯ ಹೆಸರನ್ನೂ ಹೇಳಿದವರಲ್ಲ. ಅವರಿಗೆ ನಾನು "ಲೇ". ಲೇ, ಕಾಫಿ. ಲೇ, ಟವಲ್ ಎಲ್ಲಿ? ಲೇ, ಯಾರೋ ಬಂದಿದಾರೆ ನೋಡು. "ನನಗೊಂದು ಹೆಸರಿಲ್ವಾ?" ಎಂದು ಎಷ್ಟು ಸಲ ಸಿಡುಕಿದ್ದೆನೋ. ಈಗ ಆ ಒಂದು ಅಕ್ಷರ ಕೇಳಿದರೆ ಸಾಕಾಗಿತ್ತು. ಅವರ ಮಂಚದ ಬಳಿ ಕೂತು ಅವರ ಬಾಯನ್ನೇ ನೋಡುತ್ತಿದ್ದೆ.

ಒಂದು ಸಂಜೆ ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಎದುರುಮನೆಯ ಸುಗುಣಾ ಟೀಚರ್ ಎಂದಿನಂತೆ ಗ್ರಾಮಫೋನ್ ಹಚ್ಚಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ.

"ಹಾ... ಲೇ."

ಮೊರ ಬಿಟ್ಟು ಎದ್ದೆ. ಅವರೇ! ಮತ್ತೆ ಅಂದರು, "ಹಾಲೆ... ಲೇ."

ಹಾಲು, ಲೇ! ಅಳುತ್ತಲೇ ಒಳಗೋಡಿ, ಕೋಣನಕುಂಟೆಯಿಂದ ಬರುವ ಎಮ್ಮೆ ಹಾಲು ಬಿಸಿ ಮಾಡಿ, ಸಕ್ಕರೆ ಹಾಕಿ ತಂದೆ. ಅವರು ಬಾಯಿ ಬಿಗಿ ಹಿಡಿದು ಮುಖ ತಿರುಗಿಸಿದರು. ಮರುದಿನವೂ ಹಾಗೇ ಆಯಿತು. ಕೇಳುವುದು, ತಂದರೆ ಒಲ್ಲೆ ಎನ್ನುವುದು. ಇರಲಿ, ಹಾಲು ಚೆಲ್ಲಿದರೆ ಚೆಲ್ಲಲಿ, ನನ್ನನ್ನು ಕರೆದರಲ್ಲ! ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ.

ಟೀಚರಿಗೂ ಹೇಳಿದೆ. ಅವರು ಬಂದು ಕೇಳಿ ಕಣ್ಣು ತುಂಬಿಕೊಂಡರು.

"ಅಕ್ಕಾ, ಸಾರ್ ಹಾಲು ಕೇಳ್ತಿಲ್ಲ. ಹಾಡ್ತಿದಾರೆ! ಹಾಲೆಲೂಯ! ನಮ್ಮ ಗ್ರಾಮಫೋನ್ ಪ್ಲೇಟಲ್ಲಿ ಬರುತ್ತಲ್ಲಾ, ಅದು. ದೇವರಿಗೆ ಸ್ತೋತ್ರ ಅಂತ ಅರ್ಥ."

ಬೆಳ್ಳಗಿರುವುದೆಲ್ಲ ಹಾಲಲ್ಲ.

ಆ ಪ್ಲೇಟುಗಳು ಟೀಚರ ತಂದೆಯ ಕಾಲದವು, ಒಂದು ಪೆಟ್ಟಿಗೆ ತುಂಬ. ಎಲ್ಲ ಸೇರಿ ಒಂದೇ ಹಾಡಂತೆ. ಇನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ಕಟ್ಟಿದ್ದು, ದೇವರ ಕಥೆಯನ್ನು ದೊಡ್ಡ ಗುಂಪು ನಿಂತು ಹಾಡುವುದು, ಒರಟೋರಿಯೊ ಎಂದು ಹೆಸರು. ನಮ್ಮ ಯಜಮಾನರು ಮಿಷನ್ ಹೈಸ್ಕೂಲಿನ ಹಾಸ್ಟೆಲಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಅದನ್ನು ಹಾಡಿದ್ದರಂತೆ. ಇದನ್ನು ನನಗೆ ಹೇಳಿದ್ದು ಟೀಚರ್. ಅವರಿಗೆ ಹೇಳಿದ್ದು ನನ್ನ ಗಂಡ, ಮಾತಿದ್ದ ಕಾಲದಲ್ಲಿ, ಕಾಂಪೌಂಡಿನ ಬಳಿ ನಿಂತು. ನನ್ನೆದುರು ಒಂದು ದಿನವೂ ಒಂದು ಸಾಲೂ ಗುನುಗಿರಲಿಲ್ಲ ಆ ಮಹಾರಾಯರು.

ಡಾಕ್ಟರಿಗೆ ಹೇಳಿದರೆ ಅವರಿಗೂ ಖುಷಿ. "ಮಾತು ಹೋದವರೂ ಕೆಲವು ಸಲ ಹಾಡ್ತಾರಮ್ಮ. ದಿನಾ ಕೇಳಿಸಿ, ಒಳ್ಳೇದು."

ಹಾಗಾಗಿ ನಾನೇ ಹೋಗಿ ಟೀಚರನ್ನು ಕರೆದೆ. ಗ್ರಾಮಫೋನ್ ನಮ್ಮ ನಡುಮನೆಗೇ ಬಂತು. ಟೀಚರ್ ಕೀ ಕೊಟ್ಟು, ಮುಳ್ಳು ಇಟ್ಟು, ನಮ್ಮ ಯಜಮಾನರ ಪಕ್ಕ ಕೂತು ಕುರ್ಚಿಯ ಕೈ ಮೇಲೆ ತಾಳ ತಟ್ಟುವರು. ಪ್ಲೇಟು ಸವೆದು ಕರಕರ ಎನ್ನುತ್ತಿತ್ತು. ಅದರೊಳಗಿಂದ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಬಂದು ಕೊನೆಗೆ ಒಟ್ಟಿಗೆ ಕೂಗುವರು. ಟೀಚರ್ ದನಿ ಸೇರಿಸುವರು. ನನ್ನ ಗಂಡ ಅರ್ಧ ಬಾಯಲ್ಲಿ ಹಾಡಿ, ಅರ್ಧ ಬಾಯಲ್ಲೇ ನಗುವರು. ಆ ನಗು ನನ್ನ ಗಂಜಿಗೆ ಬಂದಿರಲಿಲ್ಲ.

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕಲಾರೆ. ಬೆಡ್‌ಪ್ಯಾನ್ ನನಗೆ, ಹಾಡು ಅವಳಿಗೆ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಂತೆ. ಟೀಚರ್ ಒಳ್ಳೆಯವರು, ಅದು ಗೊತ್ತಿದ್ದದ್ದರಿಂದಲೇ ಇನ್ನಷ್ಟು ಉರಿಯುತ್ತಿತ್ತು. ಕೆಟ್ಟವರಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಒಂದು ಮಧ್ಯಾಹ್ನ ಅವರು ಸ್ಕೂಲಿನಲ್ಲಿದ್ದಾಗ ನಾನೇ ಕೀ ಕೊಟ್ಟು ಪ್ಲೇಟು ಹಾಕಿದೆ. ಪಕ್ಕದಲ್ಲಿ ಕೂತು ತಾಳವನ್ನೂ ತಟ್ಟಿದೆ.

ಯಜಮಾನರು ಬಾಯಿ ಬಿಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು.

ಅಂದಿನಿಂದ ಅವರಿಬ್ಬರು ಹಾಡುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಲ್ಲತೊಡಗಿದೆ. ಏನು ಕಾಯುತ್ತಿದ್ದೆನೋ ದೇವರಿಗೇ ಗೊತ್ತು. ಒಂದು ಸಂಜೆ ಸ್ಟವ್ ಮೇಲೆ ಹಾಲಿಟ್ಟು ಹಾಗೇ ಬಂದು ನಿಂತಿದ್ದೆ. ಗುಂಪು ಕೂಗುತ್ತಿತ್ತು. ಟೀಚರ್ ಕಣ್ಣು ಮುಚ್ಚಿದ್ದರು. ಇವರು ನಡುವೆ ಹಾಡು ನಿಲ್ಲಿಸಿದರು. ಮೂಗು ಅರಳಿಸಿದರು. ಎಡಗೈ ಎತ್ತಿದರು.

"ಲೇ... ಹಾಲು."

ಟೀಚರ್ ಕಣ್ಣು ತೆರೆದು ಮೆಲ್ಲಗೆ ತಿದ್ದಿದರು. "ಹಾಲೆಲೂಯ, ಸಾರ್."

ಅವರು ಕುರ್ಚಿಯ ಕೈ ಗುದ್ದಿದರು. "ಲೇ! ಹಾಲು!"

ಈ ಸಲ ತಪ್ಪಾಗಿ ಕೇಳಿಸಿಕೊಂಡವರು ಟೀಚರ್. ನಾನಲ್ಲ.

ಒಳಗೆ ಓಡಿದೆ. ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿದು, ಉರಿ ಆರಿ, ಸೀದ ವಾಸನೆ ಹೊಡೆಯುತ್ತಿತ್ತು. ಈ ಮನೆಯ ಗೃಹಪ್ರವೇಶದಲ್ಲಿ ಇದೇ ಜಾಗದಲ್ಲಿ ಹಾಲು ಉಕ್ಕಿಸಿದ್ದೆ. ಅಂದಿಗಿಂತ ಇಂದು ಹೆಚ್ಚು ಉಕ್ಕಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟೆ.

ಈಗ ಅವರಿಗೆ ಹತ್ತೆಂಟು ಮಾತು ಬರುತ್ತವೆ. ಬಲಗೈ ಇನ್ನೂ ಏಳದು, ವಿಭೂತಿ ನಾನೇ ಹಚ್ಚುತ್ತೇನೆ. ಮುಂದೆ ಎಷ್ಟು ಬರುತ್ತದೋ ಡಾಕ್ಟರೂ ಹೇಳರು. ಟೀಚರ್ ಬರುತ್ತಾರೆ, ಪ್ಲೇಟು ಹಾಕುತ್ತಾರೆ, ಅವರಿಗೆ ನಾನು ಕಾಫಿ ಕೊಡುತ್ತೇನೆ. ಅವರ ಉಪಕಾರ ಮರೆಯುವವಳಲ್ಲ. ಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾಗುತ್ತದೆ.

"ಲೇ," ಎಂದು ಕರೆದರೆ ಮೊದಲ ಸಲಕ್ಕೆ ನಾನು ಓಗೊಡುವುದಿಲ್ಲ. ಎರಡನೆಯ ಸಲ ಜೋರಾಗಿ ಕರೆಯುತ್ತಾರೆ. ಎದುರುಮನೆಗೂ ಕೇಳಿಸುವಷ್ಟು ಜೋರಾಗಿ.